ಡ್ರ್ಯಾಗನ್‌ಗೆ ಆಯುಧಪೂಜೆ

ಇಂಗ್ಲಿಷ್ ಬಂದರೆ ಜಗತ್ತಿನ ಯಾವ ಆಟವನ್ನಾದರೂ ಆಡಬಹುದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆಟದ ನಿಯಮಗಳೆಲ್ಲ ಇಂಗ್ಲಿಷಿನಲ್ಲೇ ತಾನೇ ಇರುವುದು? ನಾನೋ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಒಬ್ಬರು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷು ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ಇಸ್ತ್ರಿ ಮಾಡಿದ ಯೂನಿಫಾರಂನ ಹಾಗೆ ಗರಿಗರಿಯಾಗಿಯೇ ಇದೆ. ಆದ್ದರಿಂದ ದಸರಾ ರಜೆಯ ಒಂದು ಮಧ್ಯಾಹ್ನ ಮೊಮ್ಮಗಳು ಸಿರಿ ಬಂದು, "ಅಜ್ಜೀ, ನನ್ ಜೊತೆ ಕಾರ್ಡ್ ಟೂರ್ನಮೆಂಟಿಗೆ ಬರ್ತೀಯಾ?" ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟೆ.

ಆ ಸಿಸ್ಟರ್ ಇಂಗ್ಲಿಷಿನ ಜೊತೆಗೆ ಒಂದಿಷ್ಟು ವಿವೇಕವನ್ನೂ ಕಲಿಸಬೇಕಿತ್ತು ಎಂದು ಈಗ ಅನಿಸುತ್ತದೆ.

ಕಾರ್ಡ್ ಎಂದರೆ ಇಸ್ಪೀಟಲ್ಲ. ಅಷ್ಟು ಕೆಳಮಟ್ಟಕ್ಕೆ ನಮ್ಮ ಮನೆ ಇಳಿದಿಲ್ಲ. ಇದು ಮಕ್ಕಳು ಬ್ಯಾಟಲ್ ಕಾರ್ಡ್ಸ್ ಎಂದು ಕರೆಯುವ ಹೊಸ ಹುಚ್ಚು. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಪ್ರಾಣಿಯ ಚಿತ್ರ, ಅದರ ಕೆಳಗೆ ಆ ಪ್ರಾಣಿಯ ಪ್ರತಾಪದ ವರ್ಣನೆ. ಅಂಗಡಿಯಲ್ಲಿ ಪ್ಯಾಕೆಟ್ಟು ಕೊಂಡರೆ ಒಳಗೆ ಯಾವ ಪ್ರಾಣಿ ಇದೆಯೋ ಒಡೆದ ಮೇಲೇ ಗೊತ್ತಾಗುವುದು. ಬಂದದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಗೆಳತಿಯರ ಹತ್ತಿರ ಬದಲಾಯಿಸಿಕೊಂಡು, ಒಂದು ಕಟ್ಟು ಮಾಡಿ, ಎದುರಿನವರ ಪ್ರಾಣಿಗಳ ಮೇಲೆ ಛೂ ಬಿಡುವುದು. ಇಷ್ಟೇ ಆಟ.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಈ ಯುದ್ಧವೆಲ್ಲ ನಡೆಯುವುದು ಪಕ್ಕದ ಮನೆ ಜಯಮ್ಮನ ಜಗಲಿಯ ಮೇಲೆ. ಜಯಮ್ಮ ವಿರೂಪಾಕ್ಷಿಪುರದ ಕಡೆಯವಳು. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಅವಳ ಮೊಮ್ಮಗಳು ಪಲ್ಲವಿ ಆ ಜಗಲಿಯ ಮಹಾರಾಣಿ. ನಮ್ಮ ಸಿರಿ ಅವಳಿಗಿಂತ ಎರಡು ಕ್ಲಾಸು ಚಿಕ್ಕವಳು. ಇಡೀ ಬೇಸಗೆ ರಜೆ ಸಿರಿಯನ್ನು ಅವರು ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಸ್ಕೋರು ಹೇಳುವುದು, ನೀರು ತಂದುಕೊಡುವುದು, ಬೀದಿನಾಯಿ ಬಂದರೆ ಓಡಿಸುವುದು, ಈ ಮೂರು ಖಾತೆಗಳನ್ನು ಅವಳಿಗೆ ವಹಿಸಿದ್ದರು. ಕೊನೆಗೆ ಪಲ್ಲವಿಯೇ ಒಂದು ದಾರಿ ತೋರಿಸಿದ್ದಳು. "ಟೂರ್ನಮೆಂಟಲ್ಲಿ ಒಂದೇ ಒಂದ್ ಆಟ ಗೆದ್ದು ತೋರ್ಸೇ, ಆಮೇಲಿಂದ ನೀನೂ ನಮ್ ಜೊತೆ ಆಡೀವಂತೆ."

ಆ ಟೂರ್ನಮೆಂಟು ವಿಜಯದಶಮಿಯ ಬೆಳಿಗ್ಗೆ, ನಮ್ಮ ಬೀದಿ ತಿರುವಿನ ಫ್ಯಾನ್ಸಿ ಸ್ಟೋರಿನ ಮೇಲಿನ ಹಾಲಿನಲ್ಲಿ. ಒಂದು ಮಗು, ಮನೆಯ ಒಬ್ಬ ಹಿರಿಯರು, ಹೀಗೆ ಜೋಡಿ. ಹಿರಿಯರು ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಹಿಡಿದು ಕೂರಬೇಕು, ಮಗು ಆರಿಸಿ ಆಡಬೇಕು. ನನ್ನ ಮಗನಿಗೂ ಸೊಸೆಗೂ ರಾಮನಗರದ ರೇಷ್ಮೆ ರೀಲಿಂಗ್ ಘಟಕದಲ್ಲಿ ಹಬ್ಬದ ಕೆಲಸ. ಇನ್ನು ನಮ್ಮ ಯಜಮಾನರು. ಸಿರಿ ಮೊದಲು ಅವರನ್ನೇ ಕೇಳಿದ್ದಳಂತೆ. ಪೇಪರಿನ ಹಿಂದಿನಿಂದ, "ನಂಗೆ ಪ್ರಾಣಿ ಆಗಲ್ಲ ಮಗಾ" ಎಂದರಂತೆ.

ಉಳಿದವಳು ನಾನು. ಆದರೂ ಕರೆದಳಲ್ಲ! ಕಾನ್ವೆಂಟ್ ಬೋರ್ಡಿಂಗಿನಲ್ಲಿ ನಾನೂ ನನ್ನ ಗೆಳತಿ ಫಿಲೋಮಿನಾಳೂ ಬಿಸ್ಕತ್ತಿನ ರಟ್ಟು ಕತ್ತರಿಸಿ, ಮೇಲೆ ರಾಜ ರಾಣಿ ಬರೆದು, ಮಂಚದ ಕೆಳಗೆ ಮಲಗಿಕೊಂಡು ಆಡುತ್ತಿದ್ದೆವು. ಸಿಸ್ಟರ್ ಕಂಡು ಎಲ್ಲವನ್ನೂ ಒಲೆಗೆ ಹಾಕಿದರು. ಫಿಲೋಮಿನಾ ಮದುವೆಯಾಗಿ ಎಲ್ಲಿಗೋ ಹೋದಳು. ಆಮೇಲೆ ಈ ಉದ್ದದ ಸಂಸಾರದಲ್ಲಿ ಅಡುಗೆಗೆ ಬಾ, ಆಸ್ಪತ್ರೆಗೆ ಬಾ, ಸೀಮಂತಕ್ಕೆ ಬಾ ಎಂದು ನನ್ನನ್ನು ಕರೆದವರು ಎಷ್ಟೋ ಜನ. ಆಡೋಣ ಬಾ ಎಂದು ಕರೆದವಳು ಸಿರಿಯೊಬ್ಬಳೇ.

ಆದ್ದರಿಂದ ಈ ಮಗುವನ್ನು ಗೆಲ್ಲಿಸಲೇಬೇಕೆಂದು ತೀರ್ಮಾನಿಸಿದೆ. ಅನಾಹುತದ ಆರಂಭವೇ ಅದು.

ಮಾರನೆಯ ದಿನ ಸಿರಿ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಾಗ ಅವಳ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಇನ್‌ಸ್ಪೆಕ್ಷನ್‌ಗೆ ಕುಳಿತೆ. ಮೊದಲ ಕೆಲಸವಾಗಿ ಎರಡು ಕಾರ್ಡುಗಳಲ್ಲಿ ಗ್ರಾಮರ್ ತಪ್ಪು ಹಿಡಿದೆ. ಎರಡನೆಯದಾಗಿ, ಈ ಸೈನ್ಯದ ಸ್ಥಿತಿ ಶೋಚನೀಯವಾಗಿದೆ ಎಂಬುದನ್ನು ಕಂಡುಕೊಂಡೆ. ಮೊಲ, ಮುಂಗುಸಿ, ಅಳಿಲು. ದೊಡ್ಡದೆಂದರೆ ಒಂದೇ ಒಂದು ಕರಡಿ. ಎಲ್ಲಕ್ಕಿಂತ ಅಸಹ್ಯವಾಗಿ ಒಂದು ಕಪ್ಪೆ. ಮೈಯೆಲ್ಲ ಗುಳ್ಳೆ, ಬಣ್ಣ ಹಳಸಿದ ಸೊಪ್ಪಿನ ಸಾರಿನದು. ಇಂಥದ್ದನ್ನು ಇಟ್ಟುಕೊಂಡು ಯಾವ ಮಗು ತಾನೇ ಉದ್ಧಾರವಾದೀತು?

ಅಷ್ಟರಲ್ಲಿ ಪಲ್ಲವಿ ಹಾಲು ಕೊಡಲು ಬಂದಳು. ಕಾರ್ಡು ಕಂಡದ್ದೇ ಹಾಲಿನ ಕ್ಯಾನು ಕೆಳಗಿಟ್ಟಳು.

"ಏನಜ್ಜಿ, ನೀವು ಆಡ್ತೀರಂತೆ?"

"ಯೆಸ್. ನಿನ್ನ ಹತ್ರ ಯಾವುದಾದರೂ ಒಳ್ಳೇ ಕಾರ್ಡ್ ಇದ್ರೆ ಎಕ್ಸ್‌ಚೇಂಜ್ ಮಾಡ್ತೀಯಾ?"

ಅವಳು ಮನೆಗೆ ಓಡಿಹೋಗಿ ಒಂದು ಕಾರ್ಡು ತಂದಳು. ಅಬ್ಬಾ, ಏನು ಹೇಳಲಿ! ಸುತ್ತಲೂ ಜರಿಯಂಚು. ನಡುವೆ ಚಿನ್ನದ ಡ್ರ್ಯಾಗನ್, ಬಾಯಲ್ಲಿ ಬೆಂಕಿ. ಬೆಳಕಿಗೆ ಹಿಡಿದರೆ ಧಾರೆ ಸೀರೆಯ ಸೆರಗಿನ ಹಾಗೆ ಮಿಂಚುತ್ತಿತ್ತು. ನಾನು ರೇಷ್ಮೆ ವ್ಯವಹಾರದ ಮನೆಯವಳು. ಹೊಳಪು ನೋಡಿಯೇ ಸರಕಿನ ಗುಣ ಹೇಳುತ್ತೇನೆ. ಕೆಳಗೆ ಬರೆದದ್ದನ್ನೂ ಓದಿದೆ. ಈ ಡ್ರ್ಯಾಗನ್ ಇಳಿದರೆ ಎದುರಾಳಿಯ ಪ್ರಾಣಿಗಳೆಲ್ಲ ಒಟ್ಟಿಗೇ ಸುಟ್ಟು ಬೂದಿ.

"ಪವರ್ ಇದೆಯೇನೇ ಇದಕ್ಕೆ?"

"ಇದ್ರಂಗೆ ಪವರ್ ಇರೋ ಕಾರ್ಡು ಇನ್ನೊಂದ್ ಇಲ್ಲ ಕಣಜ್ಜಿ."

"ಇದಕ್ಕೆ ಏನು ಕೊಡಲಿ?"

ಪಲ್ಲವಿ ಮೇಜಿನ ಮೇಲೆಲ್ಲ ಕಣ್ಣಾಡಿಸಿ, ಬಹಳ ಯೋಚಿಸಿದವಳ ಹಾಗೆ ಮಾಡಿ, "ಹೋಗ್ಲಿ, ಆ ಕಪ್ಪೆ ಕೊಡಿ" ಎಂದಳು. ಪಾಪದ ಹುಡುಗಿ, ವ್ಯಾಪಾರ ತಿಳಿಯದು ಎಂದುಕೊಂಡು, ಅವಳ ಮನಸ್ಸು ಬದಲಾಗುವ ಮೊದಲೇ ಕಪ್ಪೆಯನ್ನು ದಾಟಿಸಿದೆ. ಜೊತೆಗೆ ಎರಡು ಚಕ್ಕುಲಿಯನ್ನೂ ಕೊಟ್ಟೆ.

ಸಂಜೆ ಸಿರಿ ಬಂದಾಗ ಡ್ರ್ಯಾಗನ್ನನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ. ಅವಳು ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಅಜ್ಜಿ, ಕಪ್ಪೆ ಎಲ್ಲಿ?"

"ಆ ದರಿದ್ರ ಕಪ್ಪೆ ಯಾಕೆ ಮಗಳೇ ಈಗ?"

"ಅಜ್ಜೀ, ಗೋಲ್ಡ್ ಡ್ರ್ಯಾಗನ್ ಬ್ಯಾನ್ ಆಗಿದೆ."

"ಬ್ಯಾನ್ ಅಂದ್ರೆ?"

"ಟೂರ್ನಮೆಂಟಲ್ಲಿ ಆಡಂಗಿಲ್ಲ. ಅದು ಇಳಿದ್ರೆ ಮೊದಲನೇ ಸುತ್ತಿಗೇ ಆಟ ಮುಗಿದುಹೋಗುತ್ತೆ. ಎದುರಿಗಿರೋರು ಏನೂ ಮಾಡೋಕಾಗಲ್ಲ. ಓವರ್ ಪವರ್! ಅದಕ್ಕೇ ಬ್ಯಾನ್ ಮಾಡ್ಬಿಟ್ರು. ಯಾರೂ ತಗೊಳಲ್ಲ ಅದನ್ನ."

"ಮತ್ತೆ ಕಪ್ಪೆ?"

"ಕಪ್ಪೆ ಬಾಯಿ ತೆಗೆದ್ರೆ ಎದುರಿನ ದೊಡ್ಡ ಪ್ರಾಣಿ ಒಂದು ಸುತ್ತು ಅಲ್ಲಾಡೋ ಹಾಗಿಲ್ಲ. ನನ್ ಹತ್ರ ಇದ್ದಿದ್ದೇ ಅದೊಂದು." ನಾನು ಪಕ್ಕದ ಮನೆಗೆ ಹೋಗಿ ವಾಪಸ್ ಕೇಳುತ್ತೇನೆಂದು ಸೆರಗು ಸರಿಮಾಡಿಕೊಂಡೆ. "ಬೇಡ ಅಜ್ಜಿ. ಎಕ್ಸ್‌ಚೇಂಜ್ ಆದ್ಮೇಲೆ ವಾಪಸ್ ಕೇಳಿದ್ರೆ ಜಗಲಿ ಹತ್ರಾನೂ ಬಿಟ್ಕೊಳಲ್ಲ" ಎಂದಳು. ಕಣ್ಣೊರೆಸಿಕೊಂಡು, ಕಪ್ಪೆಯ ಜಾಗಕ್ಕೆ ಒಂದು ಬಡಕಲು ಮೊಲವನ್ನು ಸೇರಿಸಿ ಕಟ್ಟು ಸರಿಮಾಡಿಟ್ಟಳು. ಡ್ರ್ಯಾಗನ್ ಮೇಜಿನ ಮೇಲೆ ಅನಾಥವಾಗಿ ಮಿಂಚುತ್ತಿತ್ತು.

ಯಜಮಾನರು ಪೇಪರು ಮಡಿಸದೆಯೇ ತೀರ್ಪು ಕೊಟ್ಟರು. "ಬಲ ಜಾಸ್ತಿ ಆದ್ರೆ ಮನೆಯಿಂದ ಹೊರಗೆ ಹಾಕ್ತಾರೆ ಅನ್ನೋ ನಿಯಮ ನಮ್ಮ ಮದುವೆ ಕಾಲದಲ್ಲಿ ಇರಲಿಲ್ಲ ಲೀಲಾ. ಇದ್ದಿದ್ರೆ ನಾನು ಬದುಕ್ಕೋತಿದ್ದೆ."

ನಾನು ಪ್ಯಾಕೆಟ್ಟಿನಲ್ಲಿ ಬಂದಿದ್ದ ನಿಯಮದ ಹಾಳೆಯನ್ನು ಕನ್ನಡಕ ಏರಿಸಿ ಆದ್ಯಂತ ಓದಿದೆ. ಬ್ಯಾನ್ ಎಂಬ ಪದ ಎಲ್ಲಿಯೂ ಇರಲಿಲ್ಲ. ಅಚ್ಚಾಗದ ನಿಯಮ ನಿಯಮವೇ ಅಲ್ಲ ಎಂದು ನನ್ನ ಕಾನ್ವೆಂಟ್ ಬುದ್ಧಿ ಸಾರಿತು. ಬ್ಯಾನ್ ಎಂಬುದೆಲ್ಲ ಜಗಲಿಯ ಗಾಳಿಮಾತು, ಮಕ್ಕಳ ಹೆದರಿಕೆ ಎಂದು ನಂಬಿಕೊಂಡೆ. ನಂಬಿಕೊಳ್ಳುವುದು ನನಗೆ ಬಹಳ ಅನುಕೂಲವಾಗಿತ್ತು.

ಆಯುಧಪೂಜೆ ಬಂತು. ಮಗ, ಸೊಸೆ, ಸಿರಿ ಮೂವರೂ ರೀಲಿಂಗ್ ಘಟಕದ ಪೂಜೆಗೆಂದು ರಾಮನಗರಕ್ಕೆ ಹೋದರು. ಮನೆಯ ಪೂಜೆ ನನ್ನದು. ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ. ಸ್ಕೂಟರಿಗೆ ಅಂಗೈಯಗಲದ ಅರಿಶಿನ, ಅದರ ನಡುವೆ ದೊಡ್ಡ ಕುಂಕುಮ. ಹೊಲಿಗೆ ಯಂತ್ರಕ್ಕೆ ಅದಕ್ಕಿಂತ ಚಿಕ್ಕದು. ಮಿಕ್ಸಿಗೆ ಇನ್ನೂ ಚಿಕ್ಕದು. ಈಳಿಗೆಮಣೆ, ಕತ್ತರಿ, ಸ್ಕ್ರೂಡ್ರೈವರುಗಳಿಗೆ ಚುಕ್ಕೆ. ದೊಡ್ಡದಕ್ಕೆ ದೊಡ್ಡ ಬೊಟ್ಟು, ಚಿಕ್ಕದಕ್ಕೆ ಚಿಕ್ಕ ಬೊಟ್ಟು. ನನ್ನ ಅತ್ತೆ ಹಾಕಿಕೊಟ್ಟ ಪದ್ಧತಿ.

ಎಲ್ಲವನ್ನೂ ಸಾಲಾಗಿ ಇಟ್ಟ ಮೇಲೆ ಸಿರಿಯ ಕಾರ್ಡಿನ ಡಬ್ಬಿ ಕಣ್ಣಿಗೆ ಬಿತ್ತು. ನಾಳೆ ಯುದ್ಧಕ್ಕೆ ಹೋಗುವ ಮಗು. ಅವಳ ಆಯುಧ ಇದಲ್ಲವೆ? ಒಂದೊಂದು ಕಾರ್ಡನ್ನೂ ಹೊರತೆಗೆದೆ. ಮುಖದ ಮೇಲೆ ಇಟ್ಟರೆ ಚಿತ್ರ ಕೆಡುತ್ತದೆ ಎಂಬ ಜ್ಞಾನ ನನಗಿತ್ತು. ಆದ್ದರಿಂದ ಬೆನ್ನಿನ ಮೇಲೆ ಇಟ್ಟೆ. ಅಳಿಲಿಗೆ ಚುಕ್ಕೆ. ಮುಂಗುಸಿಗೆ ಸ್ವಲ್ಪ ದಪ್ಪ ಚುಕ್ಕೆ. ಕರಡಿಗೆ ಮಿಕ್ಸಿಯ ಅಳತೆ. ಆಮೇಲೆ ಡ್ರ್ಯಾಗನ್ನನ್ನು ಎತ್ತಿಕೊಂಡು, ಗಂಧ, ಅರಿಶಿನ, ಕುಂಕುಮ ಎಲ್ಲವನ್ನೂ ಸೇರಿಸಿ ಸ್ಕೂಟರಿನ ಸಮಕ್ಕೆ ಒಂದು ಬೊಟ್ಟು ಇಟ್ಟೆ.

ಯಜಮಾನರು ಕಾಫಿ ಲೋಟ ಹಿಡಿದು ಬಂದು ನಿಂತರು.

"ಕಾರ್ಡಿಗೂ ಪೂಜೆನಾ?"

"ಆಯುಧ ಅಂದ ಮೇಲೆ ಆಯುಧ."

"ಹಾಗಾದ್ರೆ ನಿನ್ನ ನಾಲಗೆಗೂ ಒಂದು ಬೊಟ್ಟು ಇಟ್ಕೊಂಡುಬಿಡು."

ಅಲ್ಲಿಗೆ ನಿಲ್ಲಿಸಿದ್ದರೂ ಬದುಕುತ್ತಿದ್ದೆ. ಪೂಜೆಯಾದ ಡ್ರ್ಯಾಗನ್ನನ್ನು ಮನೆಯಲ್ಲೇ ಬಿಟ್ಟು ಯುದ್ಧಕ್ಕೆ ಹೋಗುವುದು ದೇವರಿಗೇ ಅವಮಾನ ಎಂದು ತೋರಿತು. ಬಡಕಲು ಮೊಲವನ್ನು ತೆಗೆದು ದೇವರ ಪಟದ ಹಿಂದೆ ಇಟ್ಟೆ. ಆ ಜಾಗಕ್ಕೆ ಡ್ರ್ಯಾಗನ್ನನ್ನು ಸೇರಿಸಿದೆ. ಡಬ್ಬಿ ಮುಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಹಳದಿ ದಾರ ಸುತ್ತಿದೆ. ರಾಮನಗರದಿಂದ ಬಂದ ಸಿರಿಗೆ, "ಪೂಜೆ ಆಗಿದೆ. ನಾಳೆ ಆಟಕ್ಕೆ ಕೂತ ಮೇಲೇ ತೆಗೀಬೇಕು" ಎಂದು ಆಜ್ಞೆ ಮಾಡಿದೆ. ಅವಳು ಡಬ್ಬಿಗೆ ಕೈ ಮುಗಿದು ಮಲಗಿದಳು.

ವಿಜಯದಶಮಿಯ ಬೆಳಿಗ್ಗೆ ಮೈಸೂರು ಸಿಲ್ಕ್ ಉಟ್ಟು, ಕೈಚೀಲ ಹಿಡಿದು ಹೊರಟೆ. ಯಜಮಾನರು ತರಕಾರಿಯ ನೆಪದಲ್ಲಿ ಹಿಂದೆ ಬಂದರು. ಹಾಲಿನ ತುಂಬ ಮಕ್ಕಳು. ಬಹುಮಾನಕ್ಕೆಂದು ಅರಗಿನ ಬಣ್ಣ ಹಾಕಿದ ಮರದ ಕಪ್ ಒಂದನ್ನು ಮೇಜಿನ ಮೇಲೆ ಇಟ್ಟಿದ್ದರು. ಅಂಪೈರು ಕನಕಪುರದಿಂದ ಬಂದ ಕಾಲೇಜು ಹುಡುಗಿ, ಶಾಹೀನ್ ಎಂದು ಹೆಸರು, ಕೈಯಲ್ಲಿ ಫೋನು. ಚೀಟಿ ಎತ್ತಿದಾಗ ಮೊದಲನೇ ಸುತ್ತಿಗೇ ನಮಗೆ ಎದುರಾಳಿಯಾಗಿ ಬಂದವರು ಯಾರು? ಪಲ್ಲವಿ ಮತ್ತು ಜಯಮ್ಮ. ಸಿರಿಯ ಮುಖ ಇಳಿಯಿತು.

ಜಯಮ್ಮ ಹೊಸ ಸೀರೆಯಲ್ಲಿ ಕುಳಿತು ಹೇಳಿದಳು. "ನಂಗೇನೂ ಬರಕಿಲ್ಲ ಕನ್ ಲೀಲಕ್ಕ. ಹಿಡ್ಕಂಡು ಕೂತ್ಕ ಅಂದ್ಲು, ಕೂತೀವ್ನಿ."

ಸಿರಿ ದಾರ ಬಿಚ್ಚಿದಳು. ನಾನು ಕಾರ್ಡುಗಳನ್ನು ಎತ್ತಿ ಬೀಸಣಿಗೆಯ ಹಾಗೆ ಹರಡಿ ರಾಜಗಾಂಭೀರ್ಯದಿಂದ ಹಿಡಿದೆ. ಕಾರ್ಡಿನ ಮುಖ ನನ್ನ ಕಡೆಗೆ, ಬೆನ್ನು ಎದುರಿನವರ ಕಡೆಗೆ. ಜಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಲೀಲಕ್ಕ, ಕಾರ್ಡಿಗೂ ಪೂಜೆ ಮಾಡಿದ್ದೀರಾ?"

"ಮಾಡಿದೆ."

"ಒಳ್ಳೇದಾಯ್ತು ಬುಡಿ. ಆ ಕಡೆಯಿಂದ ಮೂರನೇದು ಏನಕ್ಕ? ಟ್ರ್ಯಾಕ್ಟರ್ ಬೊಟ್ಟು ಇಟ್ಟಿದ್ದೀರಾ. ಅದು ಭಾರಿ ದೊಡ್ಡದೇ ಇರ್ಬೇಕು. ಈ ಕಡೆಯವೆಲ್ಲ ಕುಡ್ಲು ಮಚ್ಚು." ಮೊಮ್ಮಗಳ ಕಡೆ ತಿರುಗಿ, "ಆ ಮೂರನೇದೊಂದು ನೋಡ್ಕಳೇ. ಮಿಕ್ಕಿದ್ದೆಲ್ಲ ಪುಸ್ಕ" ಎಂದಳು.

ಆಟದ ಗಂಧಗಾಳಿ ತಿಳಿಯದ ಹೆಂಗಸು ನನ್ನ ಇಡೀ ಸೈನ್ಯವನ್ನು ಬೆನ್ನು ನೋಡಿಯೇ ಓದಿಬಿಟ್ಟಳು! ಸಿರಿ ನನ್ನ ಕೈಯಿಂದ ಒಂದು ಕಾರ್ಡು ಕಿತ್ತು ತಿರುಗಿಸಿದಳು. ಕುಂಕುಮ. ಇನ್ನೊಂದು ತಿರುಗಿಸಿದಳು. ಕುಂಕುಮ. "ಅಜ್ಜೀ" ಎಂದಳು, ಅಷ್ಟೇ.

ಶಾಹೀನ್ ಬಂದಳು. "ಆಂಟಿ, ಇವು ಮಾರ್ಕ್ಡ್ ಕಾರ್ಡ್ಸ್. ಹಿಂದಿನಿಂದ ಗುರುತು ಸಿಗೋ ಹಾಗಿದ್ರೆ ಆಡೋಕೆ ಬಿಡಲ್ಲ."

ಸೋಲೊಪ್ಪುವ ವಂಶದವಳಲ್ಲ ನಾನು. "ಮೈ ಡಿಯರ್ ಗರ್ಲ್, ಎಲ್ಲಾ ಕಾರ್ಡಿಗೂ ಬೊಟ್ಟಿದೆ. ಎಲ್ಲದಕ್ಕೂ ಗುರುತಿದ್ದ ಮೇಲೆ ಯಾವುದಕ್ಕೂ ಗುರುತಿಲ್ಲ ಅಂತಲೇ ಅರ್ಥ. ಇಟ್ ಈಸ್ ಸಿಂಪಲ್ ಲಾಜಿಕ್."

ಅವಳು ಕಾರ್ಡುಗಳನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ಹರಡಿದಳು. ಚುಕ್ಕೆಗಳ ನಡುವೆ ಹುಣ್ಣಿಮೆ ಚಂದ್ರನ ಹಾಗೆ ಒಂದೇ ಒಂದು ಹೊಳೆಯುತ್ತಿತ್ತು. ಬೆರಳ ತುದಿಯಿಂದ ಅದನ್ನು ತಿರುಗಿಸಿದಳು. ಚಿನ್ನದ ಡ್ರ್ಯಾಗನ್ ಹಲ್ಲು ಕಿರಿಯಿತು.

ಹಾಲಿನಲ್ಲಿ ಪಿಸುಪಿಸು ಎದ್ದಿತು. "ಬ್ಯಾನ್ ಆಗಿರೋದು ಇಟ್ಟವ್ರೆ ಕಣೋ." "ಅಜ್ಜಿ ಚೀಟಿಂಗು."

"ಇದನ್ನ ಯಾರು ಹಾಕಿದ್ದು?" ಶಾಹೀನ್ ಸಿರಿಯನ್ನು ನೋಡಿದಳು. ಸಿರಿ ತಲೆ ತಗ್ಗಿಸಿದಳು. ನನ್ನನ್ನು ಬಿಟ್ಟುಕೊಡಬಾರದೆಂದು ಆ ಮಗು ಬಾಯಿಯನ್ನೇ ಬಿಡಲಿಲ್ಲ. ಅದನ್ನು ಕಂಡ ಮೇಲೆ ನನ್ನ ಲಾಜಿಕ್, ಗ್ರಾಮರ್ ಎಲ್ಲ ಕೈಕೊಟ್ಟವು. ಎದ್ದು ನಿಂತೆ. ಇಂಗ್ಲಿಷಿನಲ್ಲಿ ಹೇಳಿದರೆ ಮರ್ಯಾದೆ ಉಳಿಯಬಹುದೇನೋ ಎಂದು ಬಾಯಿ ತೆರೆದರೆ ಅಚ್ಚ ಕನ್ನಡವೇ ಬಂತು. "ನಾನಮ್ಮ. ಮಗೂಗೆ ಏನೂ ಗೊತ್ತಿಲ್ಲ. ಹಾಕಬಾರದು ಅಂತ ಅವಳು ಹೇಳಿದ್ದಳು. ಕೇಳದೆ ಹಾಕಿದವಳು ನಾನು."

ಶಾಹೀನ್ ಫೋನು ನೋಡಿ, ತಲೆ ಕೆರೆದುಕೊಂಡು, ಕೊನೆಗೆ ತೀರ್ಪು ಹೇಳಿದಳು. ಡ್ರ್ಯಾಗನ್ ಹೊರಗೆ. ನಾನೂ ಹೊರಗೆ. ಉಳಿದ ಕಾರ್ಡುಗಳಿಗೆ ಬೆನ್ನು ಕಾಣದ ಪ್ಲಾಸ್ಟಿಕ್ ಕವರು ಹಾಕಿ, ಬೇರೆ ಹಿರಿಯರನ್ನು ಕೂರಿಸಿದರೆ ಮಗು ಆಡಬಹುದು. ಆದರೆ ಕಟ್ಟಿನಲ್ಲಿ ಒಂದು ಕಾರ್ಡು ಕಡಿಮೆ. ಅದನ್ನು ತುಂಬಿಸಬೇಕು.

ಮೊಲ ದೇವರ ಪಟದ ಹಿಂದೆ ಇದೆ ಎಂದು ನಾನು ಹೇಳಿದಾಗ ಯಾರೂ ನಗಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಆಗ ಜಯಮ್ಮ ಮೊಮ್ಮಗಳನ್ನು ದುರುಗುಟ್ಟಿ ನೋಡಿದಳು. "ಏನೇ, ಈ ಚಿನ್ನದ್ದು ನಿನ್ನದಲ್ವೇನೇ? ಇವ್ರ ಕೈಗೆ ಹೆಂಗ್ ಬಂತು?"

"ಬದಲಾಯಿಸ್ಕಂಡೆ."

"ಯಾವುದ್ಕೆ?"

"ಕಪ್ಪೆಗೆ."

"ಆಡಕ್ಕಾಗಲ್ಲ ಅಂತ ಹೇಳ್ದ್ಯಾ?"

"ಪವರ್ ಐತೆ ಅಂದೆ. ಆಡ್ಬೋದು ಅಂತ ನಾನಂದ್ನಾ?"

"ಬರಡು ಹಸ ಹಾಲು ಕೊಡ್ತದೆ ಅಂತ ಹೇಳ್ನಿಲ್ಲ, ಕೊಂಬು ಚೆಂದಾಗೈತೆ ಅಂತ ಮಾತ್ರ ಹೇಳ್ದೆ ಅನ್ನಂಗಾಯ್ತು. ಕೊಡೇ ಆ ಮಗಿನ ಕಪ್ಪೆಯ! ಇಲ್ದಿದ್ರೆ ನಾನು ಈಗ್ಲೇ ಎದ್ದೋಯ್ತೀನಿ, ಒಬ್ಳೇ ಆಡ್ಕ."

ಪಲ್ಲವಿ ಗೊಣಗಿಕೊಂಡು ತನ್ನ ಕಟ್ಟಿಗೆ ಬೇರೊಂದು ಕಾರ್ಡು ಸೇರಿಸಿ, ಕಪ್ಪೆಯನ್ನು ಸಿರಿಯ ಮುಂದೆ ತಳ್ಳಿದಳು. ಅದೇ ಗುಳ್ಳೆಯ, ಅದೇ ಸೊಪ್ಪಿನ ಸಾರಿನ ಬಣ್ಣದ ಕಪ್ಪೆ. ನನಗೆ ಅದು ಸೀತಾಳೆ ಹೂವಿನ ಹಾಗೆ ಕಂಡಿತು.

ಇನ್ನು ಹಿರಿಯರು ಯಾರು? ಬಾಗಿಲ ಬಳಿ ಖಾಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಯಜಮಾನರನ್ನು ಸಿರಿ ಕೈ ಹಿಡಿದು ಎಳೆದು ತಂದಳು. "ತಾತ, ನೀನು ಏನೂ ಮಾಡ್ಬೇಡ. ಹಿಡ್ಕೊಂಡಿರು ಸಾಕು."

"ಏನೂ ಮಾಡದೆ ಇರೋದು ನಂಗೆ ಬರುತ್ತೆ" ಎಂದು ಅವರು ಕುಳಿತರು.

ನಾನು ಕಿಟಕಿಯ ಪಕ್ಕ, ಗಡಿಪಾರಾದವರ ಸ್ಥಾನದಲ್ಲಿ ನಿಂತು ನೋಡಿದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಯಜಮಾನರಿಗೆ ನಿದ್ದೆ ಬಂತು. ಮನೆಯಲ್ಲೂ ಪೇಪರು ಹಿಡಿದುಕೊಂಡೇ ಮಲಗುವವರು. ಎಷ್ಟು ಗಾಢವಾಗಿ ಮಲಗಿದರೂ ಹಿಡಿದದ್ದು ಕೈಯಿಂದ ಜಾರುವುದಿಲ್ಲ. ಕಾರ್ಡುಗಳೂ ಜಾರಲಿಲ್ಲ. ಕಣ್ಣು ಮುಚ್ಚಿ ಕುಳಿತ ಅವರನ್ನು ಕಂಡು ಪಲ್ಲವಿಗೆ ಗಾಬರಿ. "ಏನಜ್ಜಿ ಇದು, ತಾತ ನೋಡೋದೇ ಇಲ್ಲ? ಏನೋ ಪ್ಲಾನ್ ಐತೆ" ಎಂದು ಅಜ್ಜಿಯ ಕಿವಿಯಲ್ಲಿ ಅಂದಳು. "ಧ್ಯಾನ ಮಾಡ್ತಾವ್ರೆ ಸುಮ್ಕಿರೇ" ಎಂದಳು ಜಯಮ್ಮ. ಆ ಗಾಬರಿಯಲ್ಲೇ ಪಲ್ಲವಿ ತನ್ನ ದೊಡ್ಡ ಆನೆಯನ್ನು ಹೊತ್ತಿಗೆ ಮುಂಚೆ ಇಳಿಸಿದಳು. ಸಿರಿ ತಾತನ ಬೆರಳು ನಿಧಾನವಾಗಿ ಸಡಿಲಿಸಿ ಕಪ್ಪೆಯನ್ನು ತೆಗೆದಳು. ಆನೆ ಅಲ್ಲೇ ಕಲ್ಲಾಯಿತು. ಮುಂಗುಸಿ, ಅಳಿಲು, ಕರಡಿ ಎಲ್ಲ ಸೇರಿ ಅದನ್ನು ಮುಗಿಸಿದವು.

ಸಿರಿ ಗೆದ್ದಳು. ಕಪ್ ಏನೂ ಬರಲಿಲ್ಲ, ಎರಡನೇ ಸುತ್ತಿನಲ್ಲಿ ಮಾಗಡಿಯ ಒಬ್ಬ ಹುಡುಗ ಸೋಲಿಸಿದ. ಆದರೆ ಅವಳಿಗೆ ಬೇಕಿದ್ದದ್ದು ಆ ಒಂದೇ ಆಟ. ಮೆಟ್ಟಿಲಿಳಿಯುವಾಗ ಪಲ್ಲವಿ ಅವಳ ಹೆಗಲ ಮೇಲೆ ಕೈ ಹಾಕಿದ್ದಳು. ಯಜಮಾನರು ಮಾತ್ರ ಎಚ್ಚರವಾಗಿ, "ಆಯ್ತಾ? ಬದನೆಕಾಯಿ ತಗೊಂಡು ಹೋಗೋಣ್ವಾ?" ಎಂದು ಕೇಳಿದರು.

ಮಾರನೆಯ ದಿನ ಮಧ್ಯಾಹ್ನ ಜಗಲಿಯಿಂದ ಕೂಗು ಕೇಳಿಸಿತು. "ಸಿರೀ, ಬಾರೇ ಆಡಕ್ಕೆ!" ಅವಳು ಡಬ್ಬಿ ಎತ್ತಿಕೊಂಡು ಹಾರಿಹೋದಳು. ಎರಡು ನಿಮಿಷಕ್ಕೆ ಪಲ್ಲವಿ ನಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ನನಗೂ ಕರೆ ಬಂತೆಂದು ಕನ್ನಡಕ ಒರೆಸಿಕೊಂಡು ಎದ್ದೆ.

"ಅಜ್ಜಿ, ತಾತ ಒಳಗವ್ರಾ? ನಮ್ ಟೀಮಿಗೆ ಬೇಕು. ಕಣ್ಮುಚ್ಕಂಡು ಆಡೋದು ಹೆಂಗೆ ಅಂತ ಕಲ್ತ್ಕಬೇಕು."

ಯಜಮಾನರು ಪೇಪರು ಮಡಿಸಿ, ಚಪ್ಪಲಿ ಮೆಟ್ಟಿ, ನನ್ನ ಕಡೆ ತಿರುಗಿಯೂ ನೋಡದೆ ಪಂದ್ಯಕ್ಕೆ ಹೊರಟೇಬಿಟ್ಟರು. ಸುಮ್ಮನೆ ಕೂರಲಾಗದೆ ನಾನು ಎಲ್ಲರಿಗೂ ನೀರುಮಜ್ಜಿಗೆ ಮಾಡಿಕೊಂಡು ಹೋದೆ. ಜಗಲಿಯ ಹತ್ತಿರ ಬರುತ್ತಿದ್ದಂತೆ ಮಕ್ಕಳೆಲ್ಲ ಒಟ್ಟಿಗೇ ಕಾರ್ಡುಗಳನ್ನು ಎದೆಗವಚಿಕೊಂಡರು. ಪರಸ್ಪರ ಚರ್ಚೆ ನಡೆಯಿತು. ಕೊನೆಗೆ ಸಿರಿಯೇ ಎದ್ದು ಬಂದು, ಬಹಳ ಮೃದುವಾಗಿ, ಸಭೆಯ ನಿರ್ಣಯವನ್ನು ತಿಳಿಸಿದಳು. ಮಜ್ಜಿಗೆಗೆ ಅಭ್ಯಂತರವಿಲ್ಲ. ಆದರೆ ಲೋಟಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ನಾನು ನಾಲ್ಕು ಮಾರು ಹಿಂದೆ ನಿಲ್ಲತಕ್ಕದ್ದು.